ಒಂದು ಹೊಳೆ, ಹಲವು ಬಾವುಟ: ಹೇಮಾವತಿ ಸೀಮೆಯಲ್ಲಿ ಪಕ್ಷಾತೀತ ಸಹಕಾರದ ಬಲ ಮತ್ತು ಮಿತಿ

ಹಳ್ಳಿಮೈಸೂರು ಹೊಳೆನರಸೀಪುರ ತಾಲ್ಲೂಕಿನ ಒಂದು ಹೋಬಳಿ. ಇಲ್ಲಿಂದ ಅರಕಲಗೂಡು, ಹಾಸನ, ಚನ್ನರಾಯಪಟ್ಟಣದವರೆಗಿನ ರಾಜಕಾರಣವನ್ನು ನೋಡುತ್ತ ಬಂದವರಿಗೆ ಮೊದಲು ಕಾಣುವುದು ಮನೆತನಗಳ, ಪಕ್ಷಗಳ ಬಿಡದ ಪೈಪೋಟಿ. 1962ರಲ್ಲಿ ಹೊಳೆನರಸೀಪುರದಿಂದ ಪಕ್ಷೇತರರಾಗಿ ಗೆದ್ದು ವಿಧಾನಸಭೆ ಪ್ರವೇಶಿಸಿದ ಎಚ್.ಡಿ. ದೇವೇಗೌಡರನ್ನು 1989ರಲ್ಲಿ ಅದೇ ಕ್ಷೇತ್ರದಲ್ಲಿ ಸೋಲಿಸಿದವರು ಕಾಂಗ್ರೆಸ್ಸಿನ ಜಿ. ಪುಟ್ಟಸ್ವಾಮಿಗೌಡ. 2024ರ ಲೋಕಸಭಾ ಚುನಾವಣೆಯಲ್ಲಿ ಹಾಸನವನ್ನು ಕಾಂಗ್ರೆಸ್ಸಿಗೆ ಗೆದ್ದುಕೊಟ್ಟವರು ಅದೇ ಪುಟ್ಟಸ್ವಾಮಿಗೌಡರ ಮೊಮ್ಮಗ ಶ್ರೇಯಸ್ ಪಟೇಲ್. ಅರಕಲಗೂಡಿನ ಎ. ಮಂಜು 1999ರಲ್ಲಿ ಬಿಜೆಪಿಯಿಂದ, 2008 ಮತ್ತು 2013ರಲ್ಲಿ ಕಾಂಗ್ರೆಸ್ಸಿನಿಂದ, 2023ರಲ್ಲಿ ಜೆಡಿಎಸ್‌ನಿಂದ ಶಾಸಕರಾದರು. ಬಾವುಟ ಬದಲಾದರೂ ಅವರ ಕ್ಷೇತ್ರದ ರೈತರ ಬೇಡಿಕೆ ಮಾತ್ರ ಬದಲಾಗಲಿಲ್ಲ: ನಾಲೆಗೆ ನೀರು ಬರಬೇಕು.

ಇಂಥ ಕಡೆಯಿಂದ ಬಂದ ಜನಪ್ರತಿನಿಧಿಗಳು ಕಾವೇರಿ ಕಣಿವೆಯ ನೀರಿನ ಪ್ರಶ್ನೆಯಲ್ಲಿ ಎದುರಾಳಿಗಳ ಜೊತೆ ಹೇಗೆ, ಯಾವಾಗ, ಎಷ್ಟರ ಮಟ್ಟಿಗೆ ಕೈಜೋಡಿಸಿದ್ದಾರೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಈ ಸಹಕಾರ ಯಾರೋ ಒಬ್ಬರ ದೊಡ್ಡ ಮನಸ್ಸಿನಿಂದ ಬಂದದ್ದಲ್ಲ. ಐವತ್ತು ವರ್ಷಗಳ ಸಂಕಟ ಅದನ್ನು ರೂಢಿ ಮಾಡಿಸಿದೆ. ನೆರೆರಾಜ್ಯದ ಮುಂದೆ, ನ್ಯಾಯಾಲಯದ ಮುಂದೆ ಗಟ್ಟಿಯಾಗಿ ನಿಲ್ಲುವ ಆ ರೂಢಿ ರಾಜ್ಯದೊಳಗೆ ನೀರು ಹಂಚಿಕೊಳ್ಳುವ ಹೊತ್ತಿಗೆ ಸಡಿಲಗೊಳ್ಳುತ್ತದೆ ಎಂಬುದು ನನ್ನ ವಾದ.

ಅಣೆಕಟ್ಟಿನಿಂದಲೇ ಆರಂಭಿಸಬೇಕು. ಮೂಡಿಗೆರೆ ತಾಲ್ಲೂಕಿನಲ್ಲಿ ಹುಟ್ಟಿ ಸಕಲೇಶಪುರದ ಮೂಲಕ ಇಳಿಯುವ ಹೇಮಾವತಿಗೆ ಗೊರೂರಿನಲ್ಲಿ ಕಟ್ಟಿದ ಜಲಾಶಯ 1979ರಲ್ಲಿ ಪೂರ್ಣಗೊಂಡಿತು. ಅದರ ಸಾಮರ್ಥ್ಯ 37.10 ಟಿಎಂಸಿ ಅಡಿ. 1924ರ ಮದ್ರಾಸ್–ಮೈಸೂರು ಒಪ್ಪಂದದ ನೆರಳಿನಲ್ಲಿ ತಮಿಳುನಾಡು ಎತ್ತಿದ ಆಕ್ಷೇಪಗಳಿಂದಾಗಿ ಹೇಮಾವತಿ, ಹಾರಂಗಿ, ಕಬಿನಿ ಯೋಜನೆಗಳಿಗೆ ಯೋಜನಾ ಆಯೋಗದ ಒಪ್ಪಿಗೆ ಸಿಗಲಿಲ್ಲ. ಒಪ್ಪಿಗೆಯಿಲ್ಲದ ಮೇಲೆ ಕೇಂದ್ರದ ನೆರವೂ ಇಲ್ಲ. ರಾಜ್ಯ ತನ್ನದೇ ಬೊಕ್ಕಸದಿಂದ, ಯೋಜನೇತರ ಲೆಕ್ಕದಲ್ಲಿ ಹಣ ಹೊಂದಿಸಬೇಕಾಯಿತು. ದೇವರಾಜ ಅರಸು, ಗುಂಡೂರಾವ್ ಅವರ ಕಾಂಗ್ರೆಸ್ ಸರ್ಕಾರಗಳು ಹೊತ್ತ ಈ ಭಾರವನ್ನು 1983ರಲ್ಲಿ ಬಂದ ರಾಮಕೃಷ್ಣ ಹೆಗಡೆಯವರ ಜನತಾ ಸರ್ಕಾರ ಕೆಳಗಿಳಿಸಲಿಲ್ಲ. ಆಗ ನೀರಾವರಿ ಖಾತೆ ದೇವೇಗೌಡರ ಕೈಯಲ್ಲಿತ್ತು. ನೀರಾವರಿಗೆ ಸಾಕಷ್ಟು ಹಣ ಕೊಡುತ್ತಿಲ್ಲವೆಂದು 1987ರಲ್ಲಿ ಅವರು ತಮ್ಮದೇ ಪಕ್ಷದ ಸರ್ಕಾರದಿಂದ ಹೊರನಡೆದರು. ಯಾವ ಸರ್ವಪಕ್ಷ ಸಭೆಯೂ ನಡೆಯದೆ, ಯಾವ ನಿರ್ಣಯವೂ ಇಲ್ಲದೆ, ಒಂದು ಸರ್ಕಾರ ತೋಡಿದ ನಾಲೆಯನ್ನು ಮುಂದಿನ ಸರ್ಕಾರ ಮುಂದುವರಿಸಿದ ಈ ಅಧ್ಯಾಯಕ್ಕೆ ಸಿಗಬೇಕಾದ ಗೌರವ ಇನ್ನೂ ಸಿಕ್ಕಿಲ್ಲ. ಪಕ್ಷಾತೀತ ಸಹಕಾರದ ಅತ್ಯಂತ ಫಲವತ್ತಾದ ರೂಪ ಇದೇ ಎಂದು ನಾನು ಭಾವಿಸುತ್ತೇನೆ. ಮುಳುಗಡೆಯಾಗಿ ಊರು ಬಿಟ್ಟವರ ತ್ಯಾಗವೂ ಈ ಲೆಕ್ಕದಲ್ಲಿ ಸೇರಬೇಕು. ಬೇಸಿಗೆಯಲ್ಲಿ ಹಿನ್ನೀರು ಸರಿದಾಗ ಗೋಡೆಗಳನ್ನು ತೋರುವ ಶೆಟ್ಟಿಹಳ್ಳಿಯ ಚರ್ಚ್ ನೋಡಲು ಹೋಗುವವರು ಅವರನ್ನು ನೆನೆಯುವುದು ಅಪರೂಪ.

1990ರ ಜೂನ್‌ನಲ್ಲಿ ಕಾವೇರಿ ನ್ಯಾಯಮಂಡಳಿ ರಚನೆಯಾದ ಮೇಲೆ ಸಹಕಾರದ ಸ್ವರೂಪ ಬದಲಾಯಿತು. ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ಅಡಿ ನೀರು ಬಿಡಬೇಕೆಂಬ 1991ರ ಮಧ್ಯಂತರ ಆದೇಶದ ವಿರುದ್ಧ ಎಸ್. ಬಂಗಾರಪ್ಪ ಸರ್ಕಾರ ಸುಗ್ರೀವಾಜ್ಞೆ ತಂದಿತು. ಅದು ಸಂವಿಧಾನಬಾಹಿರವೆಂದು ಅದೇ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅಭಿಪ್ರಾಯ ನೀಡಿತು. 2002ರಲ್ಲಿ ಎಸ್.ಎಂ. ಕೃಷ್ಣ ಅವರ ಸರ್ಕಾರ ನ್ಯಾಯಾಂಗ ನಿಂದನೆಯ ಆರೋಪ ಎದುರಿಸಿ ಕ್ಷಮೆ ಕೋರಬೇಕಾಯಿತು. ಈ ಎರಡು ಪೆಟ್ಟುಗಳಿಂದ ಕರ್ನಾಟಕದ ರಾಜಕಾರಣಿಗಳು ಕಲಿತ ಪಾಠವನ್ನು 2016ರ ಘಟನೆಗಳಲ್ಲಿ ಓದಬಹುದು.

ಆ ವರ್ಷದ ಸೆಪ್ಟೆಂಬರ್ 5ರಂದು ಹತ್ತು ದಿನಗಳ ಕಾಲ ದಿನಕ್ಕೆ 15,000 ಕ್ಯೂಸೆಕ್ ಬಿಡಲು ಸುಪ್ರೀಂ ಕೋರ್ಟ್ ಹೇಳಿತು. ಒಂದು ವಾರದಲ್ಲಿ ಅದನ್ನು 12,000ಕ್ಕೆ ಇಳಿಸಿತು. 20ರಂದು ದಿನಕ್ಕೆ 6,000 ಕ್ಯೂಸೆಕ್ ಬಿಡಲು ಹಾಗೂ ನಾಲ್ಕು ವಾರಗಳಲ್ಲಿ ಕಾವೇರಿ ನಿರ್ವಹಣಾ ಮಂಡಳಿ ರಚಿಸಲು ಆದೇಶಿಸಿತು. ಮರುದಿನದ ಸರ್ವಪಕ್ಷ ಸಭೆಗೆ ಬಿಜೆಪಿ ಬರಲಿಲ್ಲ. ಆದರೆ 23ರಂದು ಸೇರಿದ ವಿಶೇಷ ಅಧಿವೇಶನದಲ್ಲಿ ನಡೆದದ್ದೇ ಬೇರೆ. ನಿರ್ಣಯವನ್ನು ಮಂಡಿಸಿದವರು ಮುಖ್ಯಮಂತ್ರಿ ಸಿದ್ದರಾಮಯ್ಯನವರಲ್ಲ. ವಿಧಾನಸಭೆಯಲ್ಲಿ ಅದನ್ನು ಇಂಗ್ಲಿಷಿನಲ್ಲಿ ಮಂಡಿಸಿದವರು ವಿರೋಧ ಪಕ್ಷದ ನಾಯಕ, ಬಿಜೆಪಿಯ ಜಗದೀಶ ಶೆಟ್ಟರ್. ಕನ್ನಡದಲ್ಲಿ ಓದಿದವರು ಜೆಡಿಎಸ್‌ನ ವೈ.ಎಸ್.ವಿ. ದತ್ತ. ಕೃಷ್ಣರಾಜಸಾಗರ, ಹೇಮಾವತಿ, ಹಾರಂಗಿ, ಕಬಿನಿ ನಾಲ್ಕರಲ್ಲೂ ಸೇರಿ ಉಳಿದಿರುವುದು 27.6 ಟಿಎಂಸಿ ಅಡಿ. ಅದನ್ನು ಕಣಿವೆಯ ಊರುಗಳ ಮತ್ತು ಬೆಂಗಳೂರಿನ ಕುಡಿಯುವ ನೀರಿಗಲ್ಲದೆ ಬೇರೆ ಯಾವುದಕ್ಕೂ ಬಳಸಬಾರದು ಎಂಬುದು ನಿರ್ಣಯದ ಸಾರ. ಈ ನಾಲ್ಕು ಜಲಾಶಯಗಳ ಒಟ್ಟು ಸಾಮರ್ಥ್ಯ ಸುಮಾರು 114 ಟಿಎಂಸಿ ಅಡಿ. ಮಳೆಗಾಲ ಮುಗಿಯುವ ಹೊತ್ತಿಗೆ ಕಾಲು ಭಾಗವೂ ಇರಲಿಲ್ಲ.

ಈ ನಿರ್ಣಯದ ರಚನೆಯನ್ನು ನಿಧಾನವಾಗಿ ನೋಡಬೇಕು. ಅದರಲ್ಲಿ ಸುಪ್ರೀಂ ಕೋರ್ಟಿನ ಆದೇಶದ ಪ್ರಸ್ತಾಪವಿಲ್ಲ, ತಮಿಳುನಾಡಿನ ಮೇಲೆ ದೂರಿಲ್ಲ. ಸರ್ಕಾರವೇ ಮಂಡಿಸಿದ್ದರೆ ಅದು ಆದೇಶದ ಉಲ್ಲಂಘನೆಯ ಘೋಷಣೆಯಾಗುತ್ತಿತ್ತು. ವಿರೋಧ ಪಕ್ಷ ಮಂಡಿಸಿದ್ದರಿಂದ ಅದು ಸದನದ ಮಾತಾಯಿತು. ಇಂಗ್ಲಿಷ್ ಪಾಠ ದೆಹಲಿಯ ನ್ಯಾಯಾಲಯಕ್ಕೆ, ಕನ್ನಡ ಪಾಠ ನಾಡಿನ ಜನಕ್ಕೆ ಎಂದು ನಾನು ಅರ್ಥ ಮಾಡಿಕೊಳ್ಳುತ್ತೇನೆ. 2002ರಲ್ಲಿ ಒಬ್ಬ ಮುಖ್ಯಮಂತ್ರಿಯ ತಲೆಯ ಮೇಲೆ ಬಿದ್ದ ಹೊರೆಯನ್ನು 2016ರಲ್ಲಿ ಇಡೀ ಶಾಸಕಾಂಗ ಹಂಚಿಕೊಂಡಿತು.

ಮುಂದಿನ ಹತ್ತು ದಿನಗಳಲ್ಲಿ ಈ ಹಂಚಿಕೆ ಇನ್ನೂ ಸ್ಪಷ್ಟವಾಯಿತು. ಸೆಪ್ಟೆಂಬರ್ 30ರಂದು ನ್ಯಾಯಾಲಯ ಅಕ್ಟೋಬರ್ 4ರೊಳಗೆ ಮಂಡಳಿ ರಚಿಸಬೇಕೆಂದಿತು. ಮರುದಿನ ವಿಧಾನಸೌಧದ ಗಾಂಧಿ ಪ್ರತಿಮೆಯ ಬಳಿ ಎಂಬತ್ತು ದಾಟಿದ ದೇವೇಗೌಡರು ಉಪವಾಸ ಕೂತರು. ಪಕ್ಷದಿಂದ ಉಚ್ಚಾಟಿತರಾಗಿದ್ದ ಹಳೆಯ ಶಿಷ್ಯ ಸಿದ್ದರಾಮಯ್ಯ ಬಂದು ಮಾತಾಡಿಸಿದರು. ಕೇಂದ್ರದಲ್ಲಿ ಸಚಿವರಾಗಿದ್ದ ಬಿಜೆಪಿಯ ಅನಂತಕುಮಾರ್ ಮತ್ತು ಡಿ.ವಿ. ಸದಾನಂದಗೌಡ ಬಂದು ಭರವಸೆ ಕೊಟ್ಟ ಮೇಲೆ ಉಪವಾಸ ನಿಂತಿತು. ಮಂಡಳಿ ರಚನೆಗೆ ಆದೇಶಿಸುವ ಅಧಿಕಾರ ನ್ಯಾಯಾಲಯಕ್ಕಿಲ್ಲ, ಅದು ಸಂಸತ್ತಿಗೆ ಸೇರಿದ್ದು ಎಂದು ಅಕ್ಟೋಬರ್ 3ರಂದು ಕೇಂದ್ರ ವಾದಿಸಿತು. ಮಂಡಳಿಯ ಬದಲು ಕೇಂದ್ರ ಜಲ ಆಯೋಗದ ಅಧ್ಯಕ್ಷ ಜಿ.ಎಸ್. ಝಾ ನೇತೃತ್ವದ ತಾಂತ್ರಿಕ ತಂಡ ಕಣಿವೆಗೆ ಬಂದು ಒಣಗಿದ ಗದ್ದೆಗಳನ್ನು ಕಣ್ಣಾರೆ ನೋಡಿತು. ಸದನ ಕರೆಯುವುದು ಕಾಂಗ್ರೆಸ್ಸಿಗೆ ಸಾಧ್ಯವಿತ್ತು, ದೆಹಲಿಯ ಬಾಗಿಲು ತಟ್ಟುವುದು ಬಿಜೆಪಿಗೆ, ನಾಡಿನ ಗಮನವನ್ನು ಒಂದು ಕಡೆ ಸೆಳೆಯುವುದು ಹಿರಿಯರಾದ ದೇವೇಗೌಡರಿಗೆ. ತನ್ನಿಂದ ಮಾತ್ರ ಆಗುವ ಕೆಲಸವನ್ನು ಪ್ರತಿ ಪಕ್ಷವೂ ಮಾಡಿತು.

ಇದರ ಮಿತಿಯನ್ನು ಮರೆಮಾಚಬಾರದು. ಸದನದ ಒಮ್ಮತ ನ್ಯಾಯಾಲಯದ ಆದೇಶವನ್ನು ರದ್ದುಮಾಡಲಾರದು. ಪಕ್ಷಗಳು ಬದಲಾದರೂ ದಶಕಗಳ ಕಾಲ ಕರ್ನಾಟಕದ ಪರ ವಾದಿಸಿದ ಹಿರಿಯ ವಕೀಲ ಫಾಲಿ ನಾರಿಮನ್, ಆದೇಶ ಪಾಲನೆಯಾಗದ ಕಾರಣ ಸೆಪ್ಟೆಂಬರ್ 30ರಂದು ರಾಜ್ಯದ ಪರ ವಾದ ಮುಂದುವರಿಸಲು ಒಪ್ಪಲಿಲ್ಲ. ಕೊನೆಗೆ ಅಕ್ಟೋಬರ್ 3ರಂದು ಉಭಯ ಸದನಗಳು ಮತ್ತೆ ಸೇರಿ ನೀರು ಬಿಡಲು ದಾರಿ ಮಾಡಿಕೊಟ್ಟವು. ಪಂಜಾಬ್ ವಿಧಾನಸಭೆ 2004ರಲ್ಲಿ ನದಿ ಒಪ್ಪಂದಗಳನ್ನೇ ರದ್ದುಮಾಡುವ ಕಾನೂನನ್ನು ಒಮ್ಮತದಿಂದ ಅಂಗೀಕರಿಸಿತ್ತು. 2016ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಅಸಾಂವಿಧಾನಿಕ ಎಂದಿತು. ಪಂಜಾಬಿನ ದಾರಿ ಹಿಡಿಯದೆ ನಿರ್ಣಯದಲ್ಲಿ ನಿಂತು, ಆಮೇಲೆ ಹಿಂದೆ ಸರಿಯಲು ಜಾಗ ಇಟ್ಟುಕೊಂಡದ್ದು ಕರ್ನಾಟಕದ ವಿವೇಕ. 2018ರ ಫೆಬ್ರವರಿ 16ರ ಅಂತಿಮ ತೀರ್ಪಿನಲ್ಲಿ ರಾಜ್ಯಕ್ಕೆ 14.75 ಟಿಎಂಸಿ ಅಡಿ ಹೆಚ್ಚು ಸಿಕ್ಕಿತು, ಅದರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿನ ಲೆಕ್ಕದ್ದು. ಈ ಗೆಲುವು ಒಮ್ಮತದ ನೇರ ಫಲವೆಂದು ಹೇಳುವುದು ಅತಿಯಾದೀತು. ಸರ್ಕಾರ ಬದಲಾದಾಗಲೆಲ್ಲ ವಕೀಲರನ್ನೂ ವಾದವನ್ನೂ ಬದಲಿಸದೆ ಇದ್ದದ್ದರ ಪಾಲು ಅದರಲ್ಲಿ ಖಂಡಿತ ಇದೆ.

2023ರ ಬರದಲ್ಲಿ ಇದೇ ರೂಢಿ ಅರ್ಧಕ್ಕೆ ಕುಸಿಯಿತು. ಆಗಸ್ಟ್ 23ರಂದು ಸರ್ವಪಕ್ಷ ಸಭೆ ನಡೆಯಿತು, ಸೆಪ್ಟೆಂಬರ್ 20ರಂದು ಎಲ್ಲ ಪಕ್ಷಗಳ ಸಂಸದರು ದೆಹಲಿಯಲ್ಲಿ ಸೇರಿದರು. 22ರಂದು ಜೆಡಿಎಸ್ ಎನ್‌ಡಿಎ ಸೇರಿತು. ಕಾಂಗ್ರೆಸ್ ಸರ್ಕಾರ ನೀರು ಬಿಡುತ್ತಿದ್ದುದನ್ನು ವಿರೋಧಿಸಿದ 26ರ ಬೆಂಗಳೂರು ಬಂದ್‌ಗೆ ಬಿಜೆಪಿ, ಜೆಡಿಎಸ್ ಎರಡೂ ಬೆಂಬಲ ಕೊಟ್ಟವು. ಮೈತ್ರಿಯ ಲೆಕ್ಕಾಚಾರ ಮುಂದೆ ಬಂದ ಕೂಡಲೇ ಕೆಲಸದ ಹಂಚಿಕೆ ಹೋಗಿ ದೂರಿನ ಹಂಚಿಕೆ ಉಳಿಯಿತು.

ಇನ್ನು ಒಳಗಿನ ಮಾತು. ಹೇಮಾವತಿಯ ಎಡದಂಡೆ, ಬಲದಂಡೆ, ಬಲಮೇಲ್ದಂಡೆ ನಾಲೆಗಳಿಗೆ ಯಾವ ದಿನದಿಂದ, ಎಷ್ಟು ನೀರು ಎಂಬುದು ತೀರ್ಮಾನವಾಗುವುದು ನೀರಾವರಿ ಸಲಹಾ ಸಮಿತಿಯಲ್ಲಿ. ಹಾಸನ, ಮಂಡ್ಯ, ತುಮಕೂರು ಮೂರೂ ಜಿಲ್ಲೆಗಳ ಶಾಸಕರು ಇಲ್ಲಿ ಪಕ್ಷಭೇದವಿಲ್ಲದೆ ಪಾಲುದಾರರು. ರೈತ ಒಟ್ಟಲು ಹಾಕಬೇಕೋ ಬೇಡವೋ ಎಂಬುದು ಈ ಸಭೆಯ ಮಾತಿನ ಮೇಲೆ ನಿಂತಿದೆ. ಆದರೂ ವಿಶೇಷ ಅಧಿವೇಶನಕ್ಕೆ ಸಿಗುವ ಗಮನ ಇದಕ್ಕೆ ಸಿಗದು. ಇಲ್ಲಿ ಗೆರೆ ಎಳೆಯುವುದು ಪಕ್ಷವಲ್ಲ, ತಾಲ್ಲೂಕು. ಬಾಗೂರು–ನವಿಲೆ ಸುರಂಗ ಹಾಯ್ದು ನೀರು ತುಮಕೂರಿನತ್ತ ಹೋಗುವುದನ್ನು ಚನ್ನರಾಯಪಟ್ಟಣದವರು ಒಂದು ಬಗೆಯಲ್ಲಿ ನೋಡುತ್ತಾರೆ; ಕುಣಿಗಲ್ ಕಡೆಗೆ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆ ತೋಡಹೊರಟಾಗ ಗುಬ್ಬಿ, ತುಮಕೂರಿನವರು ಅದೇ ಆತಂಕದಿಂದ ಬೀದಿಗಿಳಿದರು. ತಮಿಳುನಾಡಿನ ಎದುರು ಒಂದಾಗುವ ಶಾಸಕರು ನಾಲೆಯ ಕೊನೆ ಭಾಗದ ರೈತನ ಪರವಾಗಿ ಒಂದಾಗಿ ನಿಂತ ನಿದರ್ಶನಗಳು ವಿರಳ.

ಸಂಕಟದ ವರ್ಷದಲ್ಲಿ ಮಾತ್ರ ಎಚ್ಚರಗೊಳ್ಳುವ ಒಮ್ಮತಕ್ಕಿಂತ ಹೆಚ್ಚಿನದನ್ನು ಈ ಸೀಮೆಯ ಪ್ರತಿನಿಧಿಗಳು ಮಾಡಬಲ್ಲರು. ಹಣವೇ ಇಲ್ಲದ ಕಾಲದಲ್ಲಿ ಗೊರೂರಿನ ಕಟ್ಟೆ ಎದ್ದದ್ದೇ ಅದಕ್ಕೆ ಸಾಕ್ಷಿ. ಕಾವೇರಿ ಕಣಿವೆಯ ಎಲ್ಲ ಪಕ್ಷಗಳ ಶಾಸಕರನ್ನೊಳಗೊಂಡ ಸ್ಥಾಯಿ ಸಮಿತಿಯೊಂದು ಮಳೆ ಚೆನ್ನಾದ ವರ್ಷವೂ ಸೇರಬೇಕು, ಬರದ ವರ್ಷದ ಹಂಚಿಕೆಯ ಸೂತ್ರವನ್ನು ಮೊದಲೇ ಒಪ್ಪಿಕೊಂಡಿರಬೇಕು. ಸಲಹಾ ಸಮಿತಿಯ ತೀರ್ಮಾನ ಮತ್ತು ಕೊನೆ ತೂಬಿನಲ್ಲಿ ಅಳೆದ ನೀರಿನ ಲೆಕ್ಕ ಅದೇ ವಾರ ಗ್ರಾಮ ಪಂಚಾಯಿತಿಯ ಫಲಕದ ಮೇಲೆ ಬರಬೇಕು. ಹೊಳೆನರಸೀಪುರ, ಅರಕಲಗೂಡು, ಹಾಸನ, ಚನ್ನರಾಯಪಟ್ಟಣದ ಶಾಸಕರು, ಯಾವ ಪಕ್ಷದವರೇ ಆಗಿರಲಿ, ಮುಂದಿನ ಅಧಿವೇಶನದಲ್ಲಿ ಇದನ್ನು ಜಂಟಿಯಾಗಿ ಮಂಡಿಸಲಿ ಎಂದು ಕೋರುತ್ತೇನೆ.