ಅವ್ವನ ಹಣಿ ಮ್ಯಾಲೆ ವಾಟ್ಸಾಪ್

ಹೋದ ಶ್ರಾವಣದಾಗ ನನ್ನ ಮಗಳು ಹೊಸಾ ಫೋನು ತಗೊಂಡು, ತನ್ನ ಹಳೇದು ನನಗ ಕೊಟ್ಟಳು. ನಮ್ಮ ಮನ್ಯಾಗ ಸೀರಿ ಅವ್ವನಿಂದ ಮಗಳಿಗೆ ಇಳೀತಾವ, ಫೋನು ಮಗಳಿಂದ ಅವ್ವಗ ಏರತಾವ. ಫೋನಿನ ಮುಖದ ಮ್ಯಾಲೆ ಕೊರಿಯಾ ದೇಶದ ಏಳು ಮಂದಿ ಹಾಡೋ ಹುಡುಗ್ರು ನಿಂತಿದ್ರು. ನಮ್ಮತ್ತಿ ಕನ್ನಡಕ ಏರಿಸಿ ನೋಡಿ, "ಇವರೆಲ್ಲಾ ಯಾರ ಪೈಕಿ?" ಅಂದ್ರು. ಎರಡು ತಿಂಗಳು ಆ ಹುಡುಗ್ರನ್ನ ಹಂಗ ಇಟಗೊಂಡು ತಿರಗ್ಯಾಡೀನಿ. ಅದನ್ನ ಬದಲಿ ಮಾಡಬಹುದು ಅಂತ ಗೊತ್ತಿತ್ತು, ಆದ್ರ ಇನ್ನೊಬ್ಬರ ಮನಿ ಗ್ವಾಡಿಗೆ ಮಳಿ ಹೊಡ್ಯಾಕ ಹೆಂಗ ಹಿಂಜರಿಕಿ ಆಗ್ತದೋ ಹಂಗ ಆಗಿತ್ತು.

ಕಡೀಕ ಮಗಳ ಕೂತು ಕಲಿಸಿದ್ಲು. ನಾ ಹಚ್ಚಿದ್ದು ನಮ್ಮವ್ವನ ಫೋಟೋ. ಅಕಿದು ಇರೂದ ಒಂದು ಫೋಟೋ, ನನ್ನ ತಮ್ಮನ ಜವಳದ ಹೊತ್ತಿನ್ಯಾಗ ಹುಬ್ಬಳ್ಳಿ ಸ್ಟುಡಿಯೋದಾಗ ತಗಸಿದ್ದು. ಇಳಕಲ್ ಸೀರಿ ಉಟ್ಟು, ತಮ್ಮನ್ನ ತೊಡಿ ಮ್ಯಾಲೆ ಕುಂಡ್ರಿಸಿಕೊಂಡು ಕುಂತಾಳ. ಹಚ್ಚಿ ನೋಡ್ತೀನಿ, ಅವ್ವನ ಹಣಿ ಮ್ಯಾಲೆ ಕುಂಕುಮ ಇರೋ ಜಾಗಾದಾಗ ಸರಿಯಾಗಿ ಹಸರು ವಾಟ್ಸಾಪು ಬಂದು ಕುಂತೈತಿ! ಎಡಗಣ್ಣಿಗೆ ಕ್ಯಾಮೆರಾ. ಬಾಯಿ ಮ್ಯಾಲೆ ಗ್ಯಾಸ್ ಬುಕ್ ಮಾಡೋದು. ಮಗಳು ನಕ್ಕಳು. ನನಗ ನಗು ಬರಲಿಲ್ಲ. ಚಿತ್ರದ ಮ್ಯಾಲೆ ಸಾಮಾನು ಪೇರಿಸೋ ಈ ಪದ್ಧತಿ ಯಾರು ಮಾಡಿದ್ರಪಾ ಅಂತ ಅವತ್ತಿಂದ ಹುಡುಕಾಕ ಹತ್ತೀನಿ. ಪಿಯುಸಿ ಓದಿದಾಕಿ ನಾನು, ಇತಿಹಾಸ ಅಂದ್ರ ಮೊದಲಿಂದ ಹುಚ್ಚು. ಮಧ್ಯಾಹ್ನ ಭಾಂಡೆ ಆದ ಮ್ಯಾಲೆ ಓದಿ ತಿಳಕೊಂಡದ್ದನ್ನ ನಿಮಗೂ ಹೇಳ್ತೀನಿ.

ಮೊದಲು ನಮ್ಮ ಗ್ವಾಡಿ ಕತಿ. ನವಲಗುಂದ ಕಡೆ ನಮ್ಮ ತವರುಮನಿ ಪಡಸಾಲಿಯೊಳಗ ಚಿತ್ರಗಳ ಒಂದು ಸಾಲು ಇತ್ತು. ಲಕ್ಷ್ಮಿ, ಸರಸ್ವತಿ, ಶಿವ ಪಾರ್ವತಿ, ಆಮ್ಯಾಲೆ ಹೋದವರ ಫೋಟೋಗಳು. ಆ ಕಮಲದಾಗ ನಿಂತ ಲಕ್ಷ್ಮಿ, ಕಲ್ಲಿನ ಮ್ಯಾಲೆ ಕುಂತು ವೀಣಿ ಹಿಡಿದ ಸರಸ್ವತಿ ನಿಮ್ಮ ಮನ್ಯಾಗೂ ಇದ್ದಾರು. ರಾಜಾ ರವಿವರ್ಮಾ ಬರದ ಚಿತ್ರ ಅವು. ಅಷ್ಟು ದೊಡ್ಡ ಕಲಾವಿದನ ಚಿತ್ರ ರಾಜರ ಅರಮನಿ ಬಿಟ್ಟು ನಮ್ಮಂಥಾ ಒಕ್ಕಲಿಗರ ಗ್ವಾಡಿಗೆ ಬಂದದ್ದು 1894ರಾಗ ಅವರು ಮುಂಬಯಿಯೊಳಗ ಕಲ್ಲಚ್ಚಿನ ಛಾಪಖಾನೆ ಹಾಕಿದ್ದರಿಂದ. ಒಂದೊಂದು ಬಣ್ಣಕ್ಕ ಒಂದೊಂದು ಕಲ್ಲು. ಒಂದ ಹಾಳಿ ಮ್ಯಾಲೆ ಒಂದಾದ ಮ್ಯಾಲೆ ಒಂದು ಕಲ್ಲು ಒತ್ತಬೇಕು, ಕೂದಲೆಳಿಯಷ್ಟು ಸರದ್ರೂ ಲಕ್ಷ್ಮಿ ತುಟಿ ಕೆಂಪು ಗದ್ದಕ್ಕ ಇಳೀತಿತ್ತು. ಅವರಕಿಂತ ಮೊದಲೂ ಪುಣೆದ ಚಿತ್ರಶಾಳಾ ಪ್ರೆಸ್ಸಿನವರು, ಕಲ್ಕತ್ತಾದವರು ದೇವರ ಚಿತ್ರ ಅಚ್ಚು ಹಾಕ್ತಿದ್ರು. ಆದ್ರ ಮನಿಮನಿಗೆ ಮುಟ್ಟಿದ್ದು ರವಿವರ್ಮಾರ ಲಕ್ಷ್ಮಿ. ಆ ಛಾಪಖಾನೆ ಮುಂದ ಲೋಣಾವಳಾ ಹತ್ತರ ಮಳವಳಿಗೆ ಹೋತು, ನಷ್ಟಕ್ಕ ಬಿದ್ದು ಶ್ಲೈಶರ್ ಅನ್ನೋ ಜರ್ಮನಿಯವನ ಕೈಗೆ ಹೋತು. ಆಮ್ಯಾಲೆ ಅವ ಚಿತ್ರಗಳು ಕಡ್ಡಿಪೆಟ್ಟಿಗಿ ಮ್ಯಾಲೆ ಬಂದು, ಅರಿವಿ ಥಾನಿನ ಚೀಟಿ ಮ್ಯಾಲೂ ಬಂದು. ಕಡ್ಡಿ ಗೀರಿ ಬಿಸಾಕೋ ಪೆಟ್ಟಿಗಿ ಮ್ಯಾಲೆ ದೇವಿ! ಈ ಮಾತು ನೆನಪಿಟ್ಟುಕೋರಿ, ನಮ್ಮ ತಮ್ಮನ ಜಗಳಕ್ಕ ಬೇಕಾಗ್ತದ.

ಆಮ್ಯಾಲೆ ಕ್ಯಾಲೆಂಡರ್ ಕಾಲ ಬಂತು. ಇದರಾಗ ನಮ್ಮ ಕಡೆಯವರ ಪಾಲು ದೊಡ್ಡದು ಅಂತ ನನಗೂ ಈಗ ಗೊತ್ತಾತು. ಎಸ್. ಎಂ. ಪಂಡಿತ್ ಅಂತ, 1916ರಾಗ ಗುಲ್ಬರ್ಗಾದಾಗ ಹುಟ್ಟಿದವರು, ಮುಂಬಯಿಗೆ ಹೋಗಿ ಸಿನೆಮಾ ಪೋಸ್ಟರ್ ಬರದ್ರು, ಪುರಾಣದ ಚಿತ್ರ ಬರದ್ರು, ಆ ಚಿತ್ರ ಕ್ಯಾಲೆಂಡರಿನಾಗ ಅಚ್ಚಾಗಿ ದೇಶ ತುಂಬ ತೂಗಾಡಿದ್ವು. ನಮ್ಮ ಕಿರಾಣಿ ಅಂಗಡಿಯವ ದೀಪಾವಳಿಗೆ ಕೊಡೋ ಕ್ಯಾಲೆಂಡರು ವರ್ಷ ಮುಗದ್ರೂ ನಮ್ಮವ್ವ ಬಿಸಾಕ್ತಿರಲಿಲ್ಲ. ತಾರೀಖಿನ ಭಾಗ ಕತ್ತರಿಸಿ ಹುಡುಗ್ರ ಪುಸ್ತಕಕ್ಕ ರಟ್ಟು, ದೇವರ ಭಾಗಕ್ಕ ಕಟ್ಟು ಹಾಕ್ಸಿ ಗ್ವಾಡಿಗೆ. ಹರಿದು ಹೋದದ್ದನ್ನ ಹೊಳಿಗೆ ಬಿಡಬೇಕು, ಇಲ್ಲಾಂದ್ರ ಗಿಡದ ಬುಡಕ್ಕ ಇಡಬೇಕು. ಫೋನಿನ ಗಣಪತಿ ಅಳಿಸೋದನ್ನ ನೋಡಿ ನಮ್ಮತ್ತಿ ಕೇಳಿದ್ರು, "ಡಿಲೀಟ್ ಅಂದ್ರ ಅಂವ ಎಲ್ಲಿ ಹೋದ?" ಉತ್ತರಾ ನನ್ನ ಕಡೆ ಇರಲಿಲ್ಲ.

ಗ್ವಾಡಿ ಚಿತ್ರದ ಮ್ಯಾಲೆ ಯಾರೂ ಏನೂ ಇಡ್ತಿರಲಿಲ್ಲ ನೋಡ್ರಿ. ಹೂವು ಏರಿಸ್ತಿದ್ವಿ, ಅಷ್ಟ. ಪರದೆ ಮ್ಯಾಲಿನ ಚಿತ್ರದ ಹುಟ್ಟೇ ಬ್ಯಾರೆ. ಅದಕ್ಕ ಇಟ್ಟ ಹೆಸರ ಹೇಳ್ತದ: ವಾಲ್‌ಪೇಪರ್. ಯುರೋಪಿನ ಮನಿಗಳಾಗ ಗ್ವಾಡಿಗೆ ಅಂಟಿಸೋ ಹೂಬಳ್ಳಿ ಕಾಗದ ಅದು. ಅದರ ಮುಂದ ಕಪಾಟು ನಿಲ್ಲಿಸಲಿ, ಕನ್ನಡಿ ತೂಗಲಿ, ಕಾಗದಕ್ಕ ಬ್ಯಾಸರಿಲ್ಲ. ಕಂಪ್ಯೂಟರಿನವರು ತಮ್ಮ ಪರದೆಗೆ ಅನುಕೂಲ ಅಂತ ಆರಿಸಿಕೊಂಡದ್ದು ಈ ಹೆಸರು. 1984ರಾಗ ಮ್ಯಾಕಿಂತೋಷ್ ಅನ್ನೋ ಕಂಪ್ಯೂಟರ್ ಬಂದಾಗ ಪರದೆ ಕಪ್ಪು ಬಿಳುಪು. ಹಿನ್ನೆಲಿಗೆ ಚಿತ್ರ ಇಲ್ಲ, ಎಂಟು ಚುಕ್ಕಿ ಅಡ್ಡ, ಎಂಟು ಚುಕ್ಕಿ ಉದ್ದದ ಒಂದು ಬುಟ್ಟಾ, ಅದ ಪರದೆ ತುಂಬ ತಿರತಿರಗಿ ಬರೋದು. ಆ ಬುಟ್ಟಾ ಬೇಕಾದಂಗ ಬದಲಿ ಮಾಡಿಕೋಬಹುದಿತ್ತು. ಅದರ ಐಕಾನ್ ಬರದಾಕಿ ಸೂಸನ್ ಕೇರ್ ಅಂತ ಒಬ್ಬ ಹೆಣ್ಣಮಗಳು. ಶಾಲಿ ಗೆಳೆಯ ಒಬ್ಬ ಆ ಕಂಪನಿಯೊಳಗ ಇದ್ದ, ಸಣ್ಣ ಚೌಕುಳಿಯ ಪುಸ್ತಕ ತಗೊಂಡು ಬಿಡಿಸು ಅಂದ. ಎರಡೂವರೆ ಡಾಲರಿನ ಪುಸ್ತಕ ಕೊಂಡು, 32 ಮನಿ ಅಡ್ಡ 32 ಮನಿ ಉದ್ದ ಗೆರಿ ಹಾಕ್ಕೊಂಡು, ಒಂದು ಮನಿಗೆ ಒಂದು ಚುಕ್ಕಿ ಅಂತ ತುಂಬಿ ಬಿಡಿಸಿದ್ಲು. ಇದನ್ನ ಓದಿದಾಗ ನನಗ ಮೈ ಜುಂ ಅಂತು. ನಮ್ಮ ಧಾರವಾಡದ ಕಸೂತಿ ಬ್ಯಾರೆ ಏನು? ಗವಂತಿ, ಮುರಗಿ ಹಾಕುವಾಗ ಬಟ್ಟಿ ಮ್ಯಾಲೆ ಗೆರಿ ಇಲ್ಲ, ಎಳಿ ಎಣಿಸಿ ಎಣಿಸಿ ತೇರು, ಆನಿ, ತುಳಸಿಕಟ್ಟಿ ಎಬ್ಬಸೋದು. ಅಕಿ ಚೌಕುಳಿ ತುಂಬಿದ್ದು, ನಮ್ಮವ್ವ ಎಳಿ ಎಣಿಸಿದ್ದು, ಕೆಲಸ ಒಂದ.

ವಿಂಡೋಸ್‌ನಾಗ 1990ರ ಹೊತ್ತಿಗೆ ಪೂರಾ ಚಿತ್ರಾನ ಹಚ್ಚೋ ಸವಲತ್ತು ಬಂತು. 2001ರಾಗ ವಿಂಡೋಸ್ ಎಕ್ಸ್‌ಪಿ ಜೋಡಿ ಬಂದ ಹಸರು ಗುಡ್ಡ, ನೀಲಿ ಆಕಾಶದ ಚಿತ್ರ ನಿಮಗೆಲ್ಲಾ ನೆನಪಿರ್ತದ, ಬ್ಯಾಂಕಿನಾಗ, ಸೈಬರ್ ಕೆಫೆಯೊಳಗ ಎಲ್ಲಾ ಕಡೆ ಅದ. ಅದು ಕಂಪ್ಯೂಟರ್ ಬಿಡಿಸಿದ್ದಲ್ಲ, ಖರೇ ಜಾಗಾ. ಅಮೆರಿಕದ ಕ್ಯಾಲಿಫೋರ್ನಿಯಾದಾಗ ಚಾರ್ಲ್ಸ್ ಓ'ರಿಯರ್ ಅನ್ನೋ ಫೋಟೋಗ್ರಾಫರ್ 1996ರ ಜನವರಿಯೊಳಗ ಹಾದಿ ಮ್ಯಾಲೆ ಗಾಡಿ ನಿಲ್ಲಿಸಿ ತಗದದ್ದು. ಮೊದಲು ಅಲ್ಲಿ ದ್ರಾಕ್ಷಿ ತೋಟ ಇತ್ತಂತ. ಹುಳ ಬಿದ್ದು ಬಳ್ಳಿ ಕಿತ್ತು ಹಾಕಿದ್ರಿಂದ ಗುಡ್ಡ ಬರೇ ಹುಲ್ಲು. ವಿಜಾಪುರ ಕಡೆ ದ್ರಾಕ್ಷಿ ಹಾಕಿದವರಿಗೆ ಆ ಚಿತ್ರ ಇನ್ನ ಬ್ಯಾರೆ ಕಾಣ್ತದ ಅನಸ್ತದ. ಅದರಾಗ ಮನಶ್ಯಾ ಇಲ್ಲ, ದನ ಇಲ್ಲ, ಎಲ್ಲೂ ಕಣ್ಣು ನಿಲ್ಲೂದಿಲ್ಲ. ಮ್ಯಾಲೆ ಎಷ್ಟು ಸಾಮಾನು ಇಟ್ರೂ ಯಾರಿಗೂ ನೋವಿಲ್ಲ. ವಾಲ್‌ಪೇಪರ್ ಅಂದ್ರ ಹಂಗಿರಬೇಕು.

ಫೋನಿಗೆ ಬರೋಣ. ನಮ್ಮ ದೇಶದಾಗ ಮೊದಲನೇ ಮೊಬೈಲ್ ಮಾತು 1995ರ ಜುಲೈ 31ಕ್ಕ, ಕಲ್ಕತ್ತಾದಿಂದ ಜ್ಯೋತಿ ಬಸು ದಿಲ್ಲಿಯ ಸುಖರಾಮ್ ಜೋಡಿ ಆಡಿದ್ದು. ನಮ್ಮ ಓಣಿಗೆ ಬರೂದಕ್ಕ ಮತ್ತ ಏಳೆಂಟು ವರ್ಷ ಹಿಡೀತು. ನಮ್ಮನಿಯವರು ತಂದ ಮೊದಲ ಫೋನು ನೋಕಿಯಾ 3310. ಅದರ ಪರದೆ ಅಂದ್ರ 84 ಚುಕ್ಕಿ ಅಡ್ಡ, 48 ಚುಕ್ಕಿ ಉದ್ದ. ಅಷ್ಟರಾಗ ಏನು ಶೃಂಗಾರ ಮಾಡ್ತೀರಿ? ಆದ್ರೂ ಮಾಡ್ತಿದ್ರು! ಪರದೆ ಮ್ಯಾಲೆ ಕಂಪನಿ ಹೆಸರು ಬರೋ ಜಾಗಾದಾಗ ಒಂದು ಸಣ್ಣ ಚಿತ್ರ ಹಾಕಿಸಿಕೋಬಹುದಿತ್ತು, 72 ಚುಕ್ಕಿಗೆ 14 ಚುಕ್ಕಿ. ಗುಲಾಬಿ, ಹೃದಯ, ಓಂ. ಪೇಪರಿನಾಗ ಜಾಹೀರಾತು ಬರ್ತಿದ್ವು, ಈ ನಂಬರಿಗೆ ಮೆಸೇಜ್ ಕಳಸ್ರಿ, ಚಿತ್ರ ಬರ್ತದ, ರೊಕ್ಕ ಕಟ್ಟಾಗ್ತದ ಅಂತ. 72ಕ್ಕ 14 ಯಾಕ? ಒಂದು ಎಸ್ಸೆಮ್ಮೆಸ್ಸಿನೊಳಗ ಹಿಡಿಯೋದು 1120 ಬಿಟ್ಟು. 72 ಗುಣಲೆ 14 ಅಂದ್ರ 1008. ಕರೀ ಚುಕ್ಕಿಗೆ ಒಂದು, ಖಾಲಿ ಚುಕ್ಕಿಗೆ ಸೊನ್ನಿ. ಅಂದ್ರ ಒಂದ ಮೆಸೇಜಿನಾಗ ಕುಂಡ್ರುವಷ್ಟ ದೊಡ್ಡ ರಂಗೋಲಿ ಅದು. ಇದನ್ನ ಲೆಕ್ಕಾ ಹಾಕಿದ ದಿನ ನನಗ ಆದ ಸಂತೋಷ ಅಷ್ಟಿಷ್ಟಲ್ಲ, ಹಾಲು ಉಕ್ಕಿ ಹೋದದ್ದೂ ಲಕ್ಷ್ಯಾ ಇರಲಿಲ್ಲ.

ಬಣ್ಣದ ಪರದೆ, ಕ್ಯಾಮೆರಾ ಬಂದ ಮ್ಯಾಲೆ ನಮ್ಮವರ ಮುಖ ಫೋನಿಗೆ ಬಂದ್ವು. 2003ರ ನೋಕಿಯಾ 6600 ಅನ್ನೋದು ನಮ್ಮ ಮೈದುನನ ಕಡೆ ಇತ್ತು. ಅದರಾಗ ಥೀಮ್ ಅಂತ ಬಂತು, ಬರೇ ಚಿತ್ರ ಅಷ್ಟ ಅಲ್ಲ, ಐಕಾನಿನ ಬಣ್ಣ ಸುದ್ದಾ ಬದಲಿ. ಮದುವಿ ಮನ್ಯಾಗ ಹುಡುಗ್ರು ಮೂಲ್ಯಾಗ ಕುಂತು ಬ್ಲೂಟೂತಿನಿಂದ ಒಬ್ಬರಿಂದೊಬ್ಬರಿಗೆ ಥೀಮ್ ದಾಟಸ್ತಿದ್ರು. ಆದ್ರ ಆ ಫೋನಿನಾಗ ಮೊದಲ ಪರದೆ ಮ್ಯಾಲೆ ಸಾಮಾನು ಕಡಿಮಿ. ಮುಖಾ ಮುಖಾನ ಕಾಣ್ತಿತ್ತು.

ಸಾಮಾನು ಪೇರಿಸಿದ್ದು ಬಟ್ಟು ತಾಗಿದ್ರ ನಡಿಯೋ ಫೋನು ಬಂದ ಮ್ಯಾಲೆ. 2007ರ ಮೊದಲನೇ ಐಫೋನಿನಾಗ ಕೀಲಿ ಹಾಕಿದ ಪರದೆಗೆ ಚಿತ್ರ ಹಚ್ಚಬಹುದಿತ್ತು, ಆದ್ರ ಒಳಗಿನ ಪರದೆ, ಐಕಾನ್ ಇರೂದು, ಬರೇ ಕಪ್ಪು. 2010ರ ತನಕ ಹಂಗ ಇತ್ತು. ನನಗೇನೋ ಅದು ಶಾಣ್ಯಾತನ ಅನಸ್ತದ: ಬಾಗಿಲಿಗೆ ಚಿತ್ರ, ಅಡಗಿಮನಿ ಮಾಡಕ್ಕ ಡಬ್ಬಿ. ಜನಕ್ಕ ಸಾಲಲಿಲ್ಲ, ಎಲ್ಲಾ ಕಡೆ ಚಿತ್ರ ಬೇಕು. 2008ರಾಗ ಬಂದ ಆಂಡ್ರಾಯ್ಡ್ ಫೋನಿನವರು ಮೊದಲಿಂದಲೇ ಕೊಟ್ಟಿದ್ರು. 2010ಕ್ಕ ಅವರು ಅಲಗ್ಯಾಡೋ ಚಿತ್ರಾನೂ ತಂದ್ರು, ಫೋನಿನಾಗ ನೀರು, ನೀರಿನ್ಯಾಗ ಎಲಿ. ನಮ್ಮ ಕಡೆ ಆ ಹೊತ್ತಿನ್ಯಾಗ ಬ್ಯಾಟರಿ ಮಧ್ಯಾಹ್ನಕ್ಕ ಸಾಯ್ತಿತ್ತು ಅನ್ನೋದು ಬ್ಯಾರೆ ಮಾತು. 2020ರಾಗ, ಕೊರೋನಾದಾಗ ಎಲ್ಲರೂ ಮನ್ಯಾಗ ಕುಂತಾಗ, ಐಫೋನಿನಾಗೂ ವಿಜೆಟ್ ಬಂದ್ವು, ಹುಡುಗ್ಯಾರು ಐಕಾನಿಗೂ ತಮ್ಮ ತಮ್ಮ ಚಿತ್ರ ಹಚ್ಚಿ ಅಲಂಕಾರ ಮಾಡಾಕ ಹತ್ತಿದ್ರು. ಮರು ವರ್ಷ ಆಂಡ್ರಾಯ್ಡ್ 12 ಬಂತು, ನೀವು ಹಚ್ಚಿದ ಚಿತ್ರದೊಳಗಿನ ಬಣ್ಣ ತಾನ ಆರಿಸಿ ಬಟನ್ನಿಗೆಲ್ಲಾ ಬಳೀತದ. ಸೀರಿಗೆ ಒಪ್ಪೋ ಕುಬಸ ಹುಡುಕಿದಂಗ. 2022ರಾಗ ಐಫೋನಿನವರು ಒಂದು ಛಲೋ ಕೆಲಸ ಮಾಡಿದ್ರು. ಬಾಗಿಲ ಪರದೆಯೊಳಗ ಫೋಟೋದಾಗಿನ ಮನಶ್ಯಾನ ತಲಿ ಮುಂದ, ಗಡಿಯಾರ ಹಿಂದ ಸರಿಯೋ ಹಂಗ. ಮುಖದ ಮ್ಯಾಲೆ ಕುಂಡ್ರಬಾರದು ಅಂತ ಅವರಿಗಾದ್ರೂ ತಿಳೀತಲ್ಲ!

ನನ್ನ ಫೋನಿನಾಗ ಅದಿಲ್ಲ. ಥೀಮಿನ ಆ್ಯಪ್ ಒಂದು ಇಳಿಸಿ ನೋಡಿದೆ, ಅದು ಎಲ್ಲಾರ ಫೋನ್ ನಂಬರು ಓದಲೇನು ಅಂತ ಕೇಳ್ತು. ಗ್ವಾಡಿಗೆ ಸುಣ್ಣ ಹಚ್ಚಾಕ ಬಂದವ ತಿಜೂರಿ ಕೀಲಿ ಯಾಕ ಕೇಳಬೇಕು? ತಗದು ಹಾಕಿದೆ. ನೀವೂ ಹಾಕಬ್ಯಾಡ್ರಿ.

ಇಷ್ಟರಾಗ ನನ್ನ ತಮ್ಮ ಬಂದ. ಫೋನು ನೋಡಿದವನ ಸಿಟ್ಟಿಗೆದ್ದ. "ಸತ್ತವರ ಫೋಟೋ ದಕ್ಷಿಣದ ಗ್ವಾಡಿಗೆ ಮಾಲಿ ಹಾಕಿ ಇಡಬೇಕು. ನೀ ಅವ್ವನ್ನ ಸಂತಿಗೆ ಒಯ್ತಿ, ಬಸ್ಸಿನ್ಯಾಗ ಒಯ್ತಿ, ಹಿಟ್ಟಿನ ಕೈಲೆ ತಿಕ್ಕತಿ." ನಾನೂ ಬಿಡಲಿಲ್ಲ. ಕಡ್ಡಿಪೆಟ್ಟಿಗಿ ಮ್ಯಾಲೆ ಬಂದ ದೇವಿ ಮನಿಮನಿಯೊಳಗ ಪೂಜಿ ತಗೊಂಡ್ಲು, ಅವ್ವ ಸಂತಿಗೆ ಬಂದ್ರ ಏನಾತು, ಬದುಕಿದ್ದಾಗ ವಾರಾವಾರಾ ಹೋಗ್ತಿರಲಿಲ್ಲೇನು ಅಂದೆ. ಅಂವ ಉಣ್ಣಲಾರದ ಹೋದ. ಅಕ್ಕ ತಮ್ಮ ಎರಡು ವಾರ ಮಾತಿಲ್ಲ.

ಆ ಎರಡು ವಾರದಾಗ ನಾ ಎಲ್ಲಾ ಬಿಚ್ಚಿ ಮತ್ತ ಜೋಡಿಸಿದೆ. ಅವ್ವನ್ನ ಬಾಗಿಲ ಪರದೆಗೆ ಹಾಕಿ, ಎರಡು ಬಟ್ಟಿನಿಂದ ಎಳದು ಕೆಳಗ ಇಳಿಸಿದೆ, ಗಡಿಯಾರ ಹಣಿ ಬಿಟ್ಟು ಸೀರಿ ಸೆರಗಿನ ಮ್ಯಾಲಿನ ಖಾಲಿ ಜಾಗಾಕ್ಕ ಬಂತು. ಒಳಗಿನ ಪರದೆಗೆ ಅವ್ವನ ಇಳಕಲ್ ಸೀರಿಯ ಮೈ ಒಂದು ಗೇಣು ಹತ್ತರದಿಂದ ಫೋಟೋ ತಗದು ಹಚ್ಚೀನಿ. ಆ ಸೀರಿ ನನ್ನ ಟ್ರಂಕಿನಾಗ ಐತಿ. ಚಿಕ್ಕಿ ಚಿಕ್ಕಿ ಹೆಣಿಕಿ, ಅದರ ಮ್ಯಾಲೆ ವಾಟ್ಸಾಪು, ಗ್ಯಾಸು, ಬಸ್ಸಿನ ಟಿಕೀಟು ಏನ ಕುಂತ್ರೂ ಬಟ್ಟಿ ಬಟ್ಟಿನ.

ಮೊನ್ನೆ ತಮ್ಮ ಪಂಚಮಿ ಉಂಡಿ ಒಯ್ಯಾಕ ಬಂದಿದ್ದ. ಫೋನು ಟೇಬಲ್ ಮ್ಯಾಲೆ ಇತ್ತು, ಯಾರೋ ಫೋನ್ ಹಚ್ಚಿ ಪರದೆ ಬೆಳಗ್ತು. ಬಾಳೊತ್ತು ನೋಡಿದ. ಮಾಲಿ ಮಾತು ಎತ್ತಲಿಲ್ಲ, ದಕ್ಷಿಣ ಅನ್ನಲಿಲ್ಲ.

"ಇದರಾಗ ನಾ ಎಲ್ಲೆದೀನಿ?" ಅಂದ.

ಆವಾಗ ನನಗ ಹೊಳೀತು. ಉದ್ದನ ಪರದೆಗೆ ಹೊಂದಸ್ಲಿಕ್ಕೆ ಹೋಗಿ ತೊಡಿ ಮ್ಯಾಲಿನ ಕೂಸು ಪೂರಾ ಕತ್ತರಿಸಿ ಹೋಗಿತ್ತು. ಅಂಚಿನ್ಯಾಗ ಬಿಗಿ ಹಿಡಿದ ಒಂದು ಸಣ್ಣ ಮುಷ್ಟಿ ಅಷ್ಟ ಉಳದಿತ್ತು, ಅವ್ವನ ತಾಳಿ ಎಳಿಯೋದು. ಅದನ್ನ ತೋರಿಸಿದೆ. ಫೋಟೋ ಸಣ್ಣ ಮಾಡಿ ಅವನ್ನ ಒಳಗ ತರಾಕ ನೋಡಿದ್ವಿ ಇಬ್ಬರೂ ಕೂಡಿ, ಆದ್ರ ಅಂವ ಪೂರಾ ಬರಬೇಕಂದ್ರ ಗಡಿಯಾರ ಮತ್ತ ಅವ್ವನ ಹಣಿಗೆ ಏರತದ. "ಇರಲಿ ಬಿಡು, ಮುಷ್ಟಿ ಸಾಕು" ಅಂದು, ಉಂಡಿ ಡಬ್ಬಿ ಎತಗೊಂಡು ಹೋದ.