ಕೂಡಲಸಂಗಮದಲ್ಲಿ ಮನಗುಂದಿದ ಬಸವಣ್ಣನವರು





ದುಶ್ಚಟವನ್ನು ಬಿಡುವ ಸಂಕಲ್ಪ ಮಾಡಿ ಎರಡನೆಯ ಸಲ ಎಡವಿದವರು, ವರುಷಗಟ್ಟಲೆ ಓದಿಯೂ ಪರೀಕ್ಷೆಯಲ್ಲಿ ತೇರ್ಗಡೆಯಾಗದ ತರುಣರು, ಇಷ್ಟಲಿಂಗ ಪೂಜೆಯ ನಿಯಮ ತಪ್ಪಿ ಅದನ್ನು ಮತ್ತೆ ಆರಂಭಿಸಲು ನಾಚುವವರು ಶ್ರೀಮಠಕ್ಕೆ ಬಂದಾಗ ಆಡುವ ಮಾತು ಹೆಚ್ಚುಕಡಿಮೆ ಒಂದೇ: “ನಮ್ಮಿಂದ ಆಗುವುದಿಲ್ಲ ಬುದ್ಧಿ, ಅದೆಲ್ಲ ಬಸವಣ್ಣನವರಂಥವರಿಗೆ ಸರಿ.” ಈ ಮಾತಿನಲ್ಲಿ ಭಕ್ತಿಯಿದೆ. ಆದರೆ ಬಸವಣ್ಣನವರ ಚರಿತ್ರೆಯನ್ನು ಮೊದಲಿಗೆ ಕನ್ನಡದಲ್ಲಿ ಬರೆದ ಕವಿ ಇದನ್ನು ಒಪ್ಪುತ್ತಿರಲಿಲ್ಲ.

ಆ ಕವಿ ಹರಿಹರ. ಬಸವಣ್ಣನವರ ತರುವಾಯ ಒಂದೆರಡು ತಲೆಮಾರುಗಳಲ್ಲಿಯೇ, ಸುಮಾರು 1200ರ ಹೊತ್ತಿಗೆ ಬಾಳಿದವನು. ಅವನ ‘ಬಸವರಾಜದೇವರ ರಗಳೆ’ಯಲ್ಲಿ ಪವಾಡಗಳಿವೆ, ಭಕ್ತಿಯ ಉತ್ಕರ್ಷವಿದೆ, ಅದನ್ನು ಶಾಸನದಂತೆ ಓದಲಾಗದು. ಆದರೂ ಕಾಲದಿಂದ ಬಸವಣ್ಣನವರಿಗೆ ಹತ್ತಿರವಾದ ಕಾವ್ಯವೆಂದು ವಿದ್ವಾಂಸರು ಅದಕ್ಕೆ ವಿಶೇಷ ಬೆಲೆ ಕೊಡುತ್ತಾರೆ. 1369ರಲ್ಲಿ ರಚಿತವಾದ ಭೀಮಕವಿಯ ‘ಬಸವಪುರಾಣ’ದಲ್ಲಿ ಬಸವಣ್ಣನವರಿಗೆ ಬಲದೇವ ದಂಡನಾಯಕನ ಬಾಂಧವ್ಯದ ಆಸರೆಯಿದೆ. ಹರಿಹರನ ಬಸವಣ್ಣನವರಿಗೆ ಅಂತಹ ಆಸರೆಯಿಲ್ಲ.

ಜನಿವಾರವನ್ನು ಕಳೆದು, ಮನೆಯನ್ನು ತೊರೆದು ಬಂದ ತರುಣ ಬಸವಣ್ಣನವರಿಗೆ ಕೃಷ್ಣಾ–ಮಲಪ್ರಭೆಯರು ಕೂಡುವ ಸಂಗಮವೇ ತವರಾಯಿತು. ಹೂವು ತರುವುದು, ನೀರು ತರುವುದು, ಸಂಗಮನಾಥನನ್ನು ಅರ್ಚಿಸುವುದು, ಇಷ್ಟೇ ಬದುಕು. ಆಗ ಸಂಗಮನಾಥನು ಕನಸಿನಲ್ಲಿ ಬಂದು ಬಿಜ್ಜಳನಿರುವ ಮಂಗಳವಾಡಕ್ಕೆ ಹೋಗೆಂದು ಅಪ್ಪಣೆ ಕೊಡುತ್ತಾನೆ. ಇಂದಿನ ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆಯೇ ಆ ಊರು. ಲೋಕದಲ್ಲಿ ನಿನ್ನನ್ನು ಮೆರೆಸುತ್ತೇನೆ ಎಂಬ ಭರವಸೆಯೂ ಆ ಅಪ್ಪಣೆಯೊಡನೆ ಇತ್ತು. ಕೇಳಿದ ಬಸವಣ್ಣನವರು ಹಿಗ್ಗಲಿಲ್ಲ, ಕುಸಿದರು. ತನ್ನನ್ನು ದೂರ ತಳ್ಳಲಾಗುತ್ತಿದೆ ಎಂದೇ ಅವರಿಗೆ ತೋರಿತು. ಸಂಗಮನನ್ನು ಅಗಲಿ ಬಾಳುವುದು ಹೇಗೆಂದು ಹಲುಬಿದರು. ಹರಿಹರ ಈ ದುಃಖವನ್ನು ಅವಸರದಲ್ಲಿ ದಾಟಿ ಹೋಗುವುದಿಲ್ಲ. ತನ್ನ ನಾಯಕನ ಕಣ್ಣೀರನ್ನು ಮರೆಮಾಚಬೇಕೆಂದು ಆ ಭಕ್ತಕವಿಗೆ ಅನ್ನಿಸಲಿಲ್ಲವೆಂಬುದೇ ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಇನ್ನು ಸಂಗಮನಾಥನ ಉತ್ತರವನ್ನು ನೋಡಬೇಕು. ಎದೆಗುಂದಿದವರ ಮುಂದೆ ನಾವು ಸಾಮಾನ್ಯವಾಗಿ ಮಾಡುವುದು ಎರಡು: ‘ಕಷ್ಟವಾದರೆ ಬಿಡು’ ಎಂದು ಗುರಿಯನ್ನೇ ಇಳಿಸುತ್ತೇವೆ; ಇಲ್ಲವೆ ‘ನಿನಗೇನು ಕಡಿಮೆ, ಎದ್ದೇಳು’ ಎಂದು ಗದರುತ್ತೇವೆ. ಇಲ್ಲಿ ಅವೆರಡೂ ಇಲ್ಲ. ಹೋಗಬೇಕೆಂಬ ಅಪ್ಪಣೆ ಹಾಗೆಯೇ ನಿಂತಿತು. ಅಳಬಾರದೆಂಬ ಆಕ್ಷೇಪವೂ ಬರಲಿಲ್ಲ. ಬಸವಣ್ಣನವರ ಅಳುಕಿಗೆ ಮಂಗಳವಾಡವಾಗಲಿ, ಅಲ್ಲಿನ ಅರಸನಾಗಲಿ ಕಾರಣವಾಗಿರಲಿಲ್ಲ, ಅಗಲಿಕೆ ಕಾರಣವಾಗಿತ್ತು. ಆದ್ದರಿಂದ ಉತ್ತರವೂ ಅಗಲಿಕೆಗೇ ಬಂದಿತು: ನಾನೂ ನಿನ್ನೊಡನೆ ಬರುವೆನು, ನಾಳೆ ನಂದಿಯ ಮುಖದಿಂದ ನಿನ್ನ ಕೈಸೇರುವೆನು. ಮರುದಿನ ಬಸವಣ್ಣನವರು ನಂದಿಯ ಮುಂದೆ ಕಾದು ಕುಳಿತರು. ಅದರ ಬಾಯಿಂದ ಲಿಂಗ ಮೂಡಿ ಅವರ ಕರಸ್ಥಲಕ್ಕೆ ಬಂದಿತು. ಕರಸ್ಥಲದ ಇಷ್ಟಲಿಂಗದ ಕಲ್ಪನೆಯೊಡನೆ ಜೋಡಿಸಿ ಈ ಪ್ರಸಂಗವನ್ನು ಓದುವವರಿದ್ದಾರೆ. ಅದು ಪ್ರತ್ಯೇಕ ಚರ್ಚೆ. ಗುಡಿಯಲ್ಲಿ ನಿಂತಿದ್ದ ದೇವರು ನಡೆಯುವವನ ಕೈಯಲ್ಲಿ ಜೊತೆಯಾದನು ಎಂಬಷ್ಟು ಇಲ್ಲಿಗೆ ಸಾಕು.

ಮಂಗಳವಾಡದಲ್ಲಿ ಅವರು ಹಿಡಿದ ಮೊದಲ ಕೆಲಸ ಮಂತ್ರಿಪದವಿಯಲ್ಲ, ಲೆಕ್ಕ. ಭಂಡಾರದ ಗಣಕರ ನಡುವೆ ಕುಳಿತು ಎಣಿಕೆಯಲ್ಲಿನ ತಪ್ಪನ್ನು ಹಿಡಿದುದರಿಂದಲೇ ಸಿದ್ಧದಂಡಾಧಿಪನ ಕಣ್ಣಿಗೆ ಬಿದ್ದರೆಂದು ಹರಿಹರ ಹೇಳುತ್ತಾನೆ. ಮಹಾಮನೆ, ದಾಸೋಹ, ಅನುಭಾವಗೋಷ್ಠಿ ಎಲ್ಲವೂ ಆಮೇಲಿನವು. ಅಷ್ಟು ದೊಡ್ಡ ಕಾರ್ಯದ ಹೊಸ್ತಿಲಲ್ಲಿ ಒಂದು ಕಡತದ ಕೂಡು–ಕಳೆ ಇತ್ತು. ಅಲ್ಲಿಂದ ಮುಂದೆಯೂ ಅಳುಕು ಅವರನ್ನು ಪೂರ್ತಿ ಬಿಟ್ಟಿತೆನ್ನಲಾಗದು. ತಮ್ಮ ಮನದ ಚಂಚಲತೆಯನ್ನು, ಭಕ್ತಿಯ ಕೊರತೆಯನ್ನು ಅವರೇ ವಚನ ವಚನದಲ್ಲಿಯೂ ಒಪ್ಪಿಕೊಂಡಿದ್ದಾರೆ.

ನಿಂತುಹೋದುದನ್ನು ಮರಳಿ ಹಿಡಿದವರಿಗೆ ಇನ್ನೊಂದು ಅಪಾಯ ಕಾದಿರುತ್ತದೆ. ಅದನ್ನು ಕಂಡವರು ಆಯ್ದಕ್ಕಿ ಲಕ್ಕಮ್ಮನವರು. ಹದಿನೈದನೆಯ ಶತಮಾನದಲ್ಲಿ ರೂಪುಗೊಳ್ಳತೊಡಗಿದ ‘ಶೂನ್ಯಸಂಪಾದನೆ’ಯಲ್ಲಿ ಆ ಪ್ರಸಂಗ ಬರುತ್ತದೆ. ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಪತಿ ಮಾರಯ್ಯನವರ ಕಾಯಕ. ಒಂದು ದಿನ ಅವರು ಅನುಭಾವದ ಮಾತಿನಲ್ಲಿ ಮೈಮರೆತರು. ಎದೆಗುಂದಿ ನಿಂತವರಲ್ಲ ಅವರು, ಆದರೂ ಕಾಯಕ ನಿಂತಿತು. ಲಕ್ಕಮ್ಮನವರು ಹಂಗಿಸಲಿಲ್ಲ, ಕಾಯಕ ನಿಂತಿದೆ, ಹೋಗಿ ಬನ್ನಿ ಎಂದಷ್ಟೇ ನೆನಪಿಸಿದರು. ಮಾರಯ್ಯನವರು ಧಾವಿಸಿ ಹೋಗಿ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು.

ಹೊರಗಿನವರ ಕಣ್ಣಿಗೆ ಇದು ಹೊಸ ಹುರುಪು. ತಿಂಗಳುಗಟ್ಟಲೆ ಪೂಜೆ ಬಿಟ್ಟವರು ಮರಳಿ ಹಿಡಿದಾಗ ದಿನಕ್ಕೆ ಮೂರು ಹೊತ್ತು ಕುಳಿತುಕೊಳ್ಳುತ್ತಾರೆ, ವಾರ ಕಳೆಯುವಷ್ಟರಲ್ಲಿ ದಣಿದು ಮತ್ತೆ ಬಿಡುತ್ತಾರೆ. ಲಕ್ಕಮ್ಮನವರಿಗೆ ಆ ಹೆಚ್ಚಿನ ಅಕ್ಕಿಯಲ್ಲಿ ಕಂಡದ್ದು ಒಂದಾಗಿದ್ದ ಮನ ಎರಡಾದುದು. ಇದು ನಿಮ್ಮ ಮನಸ್ಸೋ, ಬಸವಣ್ಣನವರು ಒಡ್ಡಿದ ಪರೀಕ್ಷೆಯೋ ಎಂದು ಕೇಳಿ, ಇಷ್ಟು ಅಕ್ಕಿಯ ಆಸೆ ನಮಗೆ ಸಲ್ಲದೆಂದು ತಿಳಿಸಿ, ಅದನ್ನು ಅಲ್ಲಿಯೇ ಸುರಿದು ಬರಲು ಹೇಳಿದರು. ಮಾರಯ್ಯನವರು ಮರುಮಾತಿಲ್ಲದೆ ಹೆಚ್ಚಿನ ಅಕ್ಕಿಯನ್ನು ಹೊತ್ತು ಬಂದ ದಾರಿಯಲ್ಲಿಯೇ ಹಿಂದಿರುಗಿದರು. ದಾಸೋಹ ಎಂದಿನ ಅಳತೆಯ ಅಕ್ಕಿಯಲ್ಲಿಯೇ ನಡೆಯಿತು.