ಗಣಕದ ಗತಿ ಏರಿಸಿದವರ ಕತೆ

ಚರಿತ್ರೆ ಎಂದರೆ ರಾಜರು, ಯುದ್ಧಗಳು, ಶಾಸನಗಳು ಎಂದೇ ನಮ್ಮ ಮಕ್ಕಳು ತಿಳಿದಿದ್ದಾರೆ. ಮನೆಯ ಮೂಲೆಯಲ್ಲಿ ಕುಳಿತಿರುವ ಕಂಪ್ಯೂಟರಿಗೂ ಒಂದು ಚರಿತ್ರೆಯಿದೆ. ಕಂಪೆನಿ ಎಳೆದ ಗೆರೆಯನ್ನು ದಾಟಿ ನೋಡಿದ ಸಾಮಾನ್ಯ ಜನರ ಅಧ್ಯಾಯವೂ ಅದರಲ್ಲಿದೆ. "ಬಯಾಸಿನಲ್ಲಿ ಏನೋ ಬದಲಿಸಿದರೆ ಕಂಪ್ಯೂಟರ್ ಸ್ಪೀಡ್ ಆಗುತ್ತದಂತೆ, ಹೌದಾ ಸಾರ್?" ಎಂದು ಹೈಸ್ಕೂಲಿನ ಮಕ್ಕಳು ನಮ್ಮನ್ನು ಕೇಳುತ್ತಲೇ ಇರುತ್ತಾರೆ. ಹೌದು ಎಂದರೂ ಅಪಾಯ, ಇಲ್ಲ ಎಂದರೂ ಸುಳ್ಳು. ಆದ್ದರಿಂದ ಅದರ ಕತೆಯನ್ನೇ ಹೇಳೋಣ.

ಪ್ರೊಸೆಸರ್ ಕೆಲಸ ಮಾಡುವುದು ತಾಳಕ್ಕೆ ಸರಿಯಾಗಿ. ಮದರ್‌ಬೋರ್ಡಿನ ಮೇಲಿರುವ ಸಣ್ಣ ಸ್ಫಟಿಕವೊಂದು ಸೆಕೆಂಡಿಗೆ ಇಷ್ಟು ಲಕ್ಷ ಬಾರಿ ಎಂದು ಮಿಡಿಯುತ್ತದೆ. ನಮ್ಮ ಕಡೆಯವರಿಗೆ ಯಕ್ಷಗಾನದ ಉದಾಹರಣೆ ಸಾಕು. ಭಾಗವತರು ಲಯ ಏರಿಸಿದರೆ ವೇಷಧಾರಿಯೂ ಬೇಗ ಕುಣಿಯಬೇಕು. ಒಂದು ಹಂತದವರೆಗೆ ಕುಣಿತಕ್ಕೆ ಕಳೆ ಬರುತ್ತದೆ. ಅದು ಮೀರಿದರೆ ಹೆಜ್ಜೆ ತಪ್ಪುತ್ತದೆ. ಪ್ರೊಸೆಸರಿನ ಲಯವನ್ನು ಕಂಪೆನಿ ಹೇಳಿದ್ದಕ್ಕಿಂತ ಮೇಲೆ ಏರಿಸುವುದಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು.

1981ರಲ್ಲಿ ಬಂದ ಐಬಿಎಂ ಪಿಸಿಯ ವೇಗ 4.77 ಮೆಗಾಹರ್ಟ್ಸ್. ಇದೇನು ವಿಚಿತ್ರ ಅಂಕೆ? ಅದರಲ್ಲಿದ್ದ 8088 ಪ್ರೊಸೆಸರಿಗೆ 5 ಮೆಗಾಹರ್ಟ್ಸ್ ತಾಳುವ ಶಕ್ತಿಯಿತ್ತು. ಆದರೆ ಅಮೆರಿಕದ ಬಣ್ಣದ ಟೀವಿಯ ಸಂಕೇತಕ್ಕೆ ಹೊಂದುವಂತೆ 14.318 ಮೆಗಾಹರ್ಟ್ಸಿನ ಸ್ಫಟಿಕವೊಂದನ್ನು ಹಾಕಿ, ಅದನ್ನೇ ಮೂರರಿಂದ ಭಾಗಿಸಿ ಪ್ರೊಸೆಸರಿಗೂ ಕೊಟ್ಟರು. ಅಂದರೆ ವೇಗದ ಗೆರೆ ಎಳೆದದ್ದು ಪ್ರೊಸೆಸರಿನ ತಾಕತ್ತು ನೋಡಿ ಅಲ್ಲ, ಸ್ಫಟಿಕವೊಂದನ್ನು ಉಳಿಸುವ ಅನುಕೂಲ ನೋಡಿ!

1984ರಲ್ಲಿ ಬಂದ ಪಿಸಿ ಎಟಿಯ ವೇಗ 6 ಮೆಗಾಹರ್ಟ್ಸ್, ಅದರ ಸ್ಫಟಿಕ 12 ಮೆಗಾಹರ್ಟ್ಸ್. ಕೆಲವರು ಆ ಸ್ಫಟಿಕವನ್ನು ಕಿತ್ತು 16ರದ್ದನ್ನು ಸಿಕ್ಕಿಸಿದರು. ಕಂಪ್ಯೂಟರ್ 8 ಮೆಗಾಹರ್ಟ್ಸಿನಲ್ಲಿ ಸುಸೂತ್ರವಾಗಿ ಓಡಿತು. ಕೆಲವೇ ಡಾಲರಿನ ಸ್ಫಟಿಕದಿಂದ ಮೂರರಲ್ಲಿ ಒಂದು ಪಾಲು ಹೆಚ್ಚು ವೇಗ. ಐಬಿಎಂ ಸುಮ್ಮನಿರಲಿಲ್ಲ. 1985ರ ಕೊನೆಯ ಬಯಾಸಿನಲ್ಲಿ ವೇಗ ಅಳೆಯುವ ಪರೀಕ್ಷೆಯೊಂದನ್ನು ಸೇರಿಸಿತು. ನಿಗದಿಗಿಂತ ವೇಗವಾಗಿ ಓಡುವ ಯಂತ್ರ ಶುರುವಾಗುವುದೇ ಇಲ್ಲ ಎಂದಾಯಿತು. ಮರು ವರ್ಷ 8 ಮೆಗಾಹರ್ಟ್ಸಿನ ಎಟಿಯನ್ನು ಐಬಿಎಂ ತಾನೇ ಮಾರಿತು. ಬೇಲಿ ಹಾಕುವವರ ಮತ್ತು ಬೇಲಿ ಹಾರುವವರ ಆಟ ಶುರುವಾದದ್ದು ಹೀಗೆ.

ಹಳೆಯ ಕಂಪ್ಯೂಟರುಗಳ ಮುಂಭಾಗದಲ್ಲಿದ್ದ ಟರ್ಬೋ ಬಟನ್ ಕೆಲವರಿಗಾದರೂ ನೆನಪಿರಬಹುದು. ಅದನ್ನು ಒತ್ತಿದರೆ ವಿಶೇಷ ವೇಗ ಬರುತ್ತದೆ ಎಂದು ಎಲ್ಲರೂ ನಂಬಿದ್ದರು. ಅದರ ಕೆಲಸ ತಿರುಗಾಮುರುಗಾ. 4.77 ಮೆಗಾಹರ್ಟ್ಸಿನ ಲೆಕ್ಕದಲ್ಲಿ ಬರೆದ ಹಳೆಯ ಆಟಗಳು ಹೊಸ ಯಂತ್ರದಲ್ಲಿ ಕಣ್ಣಿಗೆ ಕಾಣದಷ್ಟು ವೇಗವಾಗಿ ಓಡುತ್ತಿದ್ದವು. ಅವುಗಳಿಗಾಗಿ ಯಂತ್ರವನ್ನು ನಿಧಾನಗೊಳಿಸಲು ಆ ಬಟನ್ ಬೇಕಾಗಿತ್ತು. ಪಕ್ಕದಲ್ಲಿ ಹೊಳೆಯುತ್ತಿದ್ದ ಅಂಕೆಯೂ ವೇಗವನ್ನು ಅಳೆದು ತೋರಿಸುತ್ತಿರಲಿಲ್ಲ. ಹಿಂದುಗಡೆ ಜಂಪರಿನಲ್ಲಿ ಜೋಡಿಸಿಟ್ಟ ಅಂಕೆ ಮುಂದುಗಡೆ ಕಾಣುತ್ತಿತ್ತು, ಅಷ್ಟೆ.

ಪೆಂಟಿಯಂ ಕಾಲಕ್ಕೆ ಬಂದಾಗ ವೇಗವೆಂದರೆ ಎರಡು ಸಂಖ್ಯೆಗಳ ಗುಣಲಬ್ಧ. ಬಸ್ಸಿನ ವೇಗ 66 ಮೆಗಾಹರ್ಟ್ಸ್, ಗುಣಕ 2 ಆದರೆ 133, ಗುಣಕ 2.5 ಆದರೆ 166. ಎರಡನ್ನೂ ಜಂಪರಿನಿಂದ ಬದಲಿಸಬಹುದಿತ್ತು. ಇಲ್ಲಿ ಮೋಸಗಾರರು ನುಗ್ಗಿದರು. ಕಡಿಮೆ ವೇಗದ ಪ್ರೊಸೆಸರಿನ ಗುರುತು ಅಳಿಸಿ, ಹೆಚ್ಚಿನ ಅಂಕೆ ಬರೆದು, ಹೆಚ್ಚಿನ ಬೆಲೆಗೆ ಮಾರಿದರು. ಇಂಟೆಲ್ 1998ರ ಹೊತ್ತಿಗೆ ಗುಣಕಕ್ಕೆ ಬೀಗ ಹಾಕಿತು. ಕಳ್ಳರಿಗಾಗಿ ಹಾಕಿದ ಬೀಗ ಮನೆಯವರಿಗೂ ಬಿತ್ತು.

ಆದರೆ ಬಸ್ಸಿಗೆ ಬೀಗ ಬಿದ್ದಿರಲಿಲ್ಲ. 1998ರ ಆಗಸ್ಟಿನಲ್ಲಿ ಸೆಲೆರಾನ್ 300ಎ ಬಂತು. ಗುಣಕ 4.5, ಬಸ್ 66, ವೇಗ 300. ಬಸ್ಸನ್ನು 100ಕ್ಕೆ ಏರಿಸಿದರೆ? ಮಕ್ಕಳೇ, ಗುಣಿಸಿ ನೋಡಿ: 450. ಅದೇ ದಿನ ಬಂದ ಪೆಂಟಿಯಂ 2ರ ವೇಗವೂ 450. ಸಗಟು ಬೆಲೆ ಸೆಲೆರಾನಿಗೆ 149 ಡಾಲರ್, ಪೆಂಟಿಯಮಿಗೆ 669 ಡಾಲರ್! ಸೆಲೆರಾನಿನಲ್ಲಿ 128 ಕಿಲೋಬೈಟಿನ ಸಣ್ಣ ಕ್ಯಾಶೆ ಇದ್ದರೂ ಅದು ಪ್ರೊಸೆಸರಿನ ಪೂರ್ಣ ವೇಗದಲ್ಲಿ ಓಡುತ್ತಿತ್ತು. ಪೆಂಟಿಯಮಿನ 512 ಕಿಲೋಬೈಟ್ ಓಡುತ್ತಿದ್ದದ್ದು ಅರ್ಧ ವೇಗದಲ್ಲಿ. ತೈವಾನಿನ ಅಬಿಟ್ ಕಂಪೆನಿಯ ಬಿಎಚ್6 ಬೋರ್ಡಿನಲ್ಲಿ ಜಂಪರ್ ಮುಟ್ಟದೆ ಬಯಾಸಿನಲ್ಲೇ ಇದನ್ನೆಲ್ಲ ಬದಲಿಸಬಹುದಿತ್ತು. ಅಂಥ ಬೋರ್ಡ್ ಇಲ್ಲದವರು ಪ್ರೊಸೆಸರಿನ ಬಿ21 ಎಂಬ ಸಂಪರ್ಕಕ್ಕೆ ಟೇಪಿನ ತುಂಡು ಅಂಟಿಸಿ ಬೋರ್ಡನ್ನೇ ನಂಬಿಸಿದರು.

ಅಗ್ಗದ ಪ್ರೊಸೆಸರಿಗೆ ಅಷ್ಟು ಶಕ್ತಿ ಎಲ್ಲಿಂದ ಬಂತು? ಅಡಿಕೆ ಬೆಳೆಯುವ ನಮ್ಮ ಮನೆಗಳಿಗೆ ಇದು ಬೇಗ ಅರ್ಥವಾದೀತು. ಒಂದೇ ತೋಟದ ಅಡಿಕೆಯನ್ನು ಒಳ್ಳೆಯದು, ಪಟೋರ, ಕರಿಗೋಟು ಎಂದು ವಿಂಗಡಿಸುವ ಹಾಗೆ, ಒಂದೇ ಬಿಲ್ಲೆಯಿಂದ ಕತ್ತರಿಸಿದ ಚಿಪ್ಪುಗಳನ್ನೂ ಪರೀಕ್ಷಿಸಿ ವಿಂಗಡಿಸುತ್ತಾರೆ. ಅಗ್ಗದ ಮಾಲಿಗೇ ಹೆಚ್ಚು ಗಿರಾಕಿ ಇದ್ದಾಗ ಒಳ್ಳೆಯ ಚಿಪ್ಪಿಗೂ ಅಗ್ಗದ ಚೀಟಿ ಅಂಟುತ್ತದೆ. ಅಡಿಕೆ ವ್ಯಾಪಾರಿ ಹಾಗೆ ಮಾಡಲಾರ, ಚಿಪ್ಪಿನ ಕಂಪೆನಿಗೆ ಅದೇ ಲಾಭ.

2000ದಲ್ಲಿ ಎಎಂಡಿ ಕಂಪೆನಿಯ ಅಥ್ಲಾನ್, ಡ್ಯುರಾನ್ ಚಿಪ್ಪುಗಳ ಬೀಗಕ್ಕೆ ಕೀಲಿಕೈಯಾದದ್ದು ನಮ್ಮ ಮಕ್ಕಳ ಕಂಪಾಸು ಪೆಟ್ಟಿಗೆಯ ಪೆನ್ಸಿಲ್! ಚಿಪ್ಪಿನ ಮೇಲೆ ಎಲ್1 ಎಂಬ ಸಣ್ಣ ಸೇತುವೆಗಳಿದ್ದವು. ಕತ್ತರಿಸಿದ್ದ ಸೇತುವೆಗಳ ನಡುವೆ ಪೆನ್ಸಿಲಿನ ಗೆರೆ ಎಳೆದರೆ ಗುಣಕದ ಬೀಗ ತೆರೆಯುತ್ತಿತ್ತು. ಗ್ರಾಫೈಟ್ ವಿದ್ಯುದ್ವಾಹಕ ಎಂಬ ವಿಜ್ಞಾನದ ಪಾಠ ಇಷ್ಟು ಚೆನ್ನಾಗಿ ಇನ್ನೆಲ್ಲಿ ಕಲಿಯಲು ಸಿಕ್ಕೀತು? 2001ರ ಅಥ್ಲಾನ್ ಎಕ್ಸ್‌ಪಿಯಲ್ಲಿ ಸೇತುವೆಯ ಜಾಗದಲ್ಲಿ ಗುಂಡಿಗಳೇ ಬಿದ್ದಿದ್ದವು. ಪೆನ್ಸಿಲಿನ ಆಟ ಅಲ್ಲಿಗೆ ಮುಗಿಯಿತು.

ಇನ್ನು ಮೆಮೊರಿಯ ವಿಚಾರ. ಪ್ರತಿ ರ‍್ಯಾಮ್ ಪಟ್ಟಿಯ ಮೇಲೆ ಎಸ್‌ಪಿಡಿ ಎಂಬ ಪುಟ್ಟ ಚಿಪ್ಪು ಇರುತ್ತದೆ. ತನ್ನ ವೇಗ ಎಷ್ಟು, ಎಷ್ಟು ಮಿಡಿತ ಕಾಯಬೇಕು ಎಂಬ ವಿವರ ಅದರಲ್ಲಿದೆ. ಇಂಟೆಲ್ 2007ರಲ್ಲಿ ಎಕ್ಸ್‌ಎಂಪಿ ಎಂಬ ಎರಡನೆಯ ಪಟ್ಟಿಯನ್ನು ತಂದಿತು. ಇನ್ನೂ ಹೆಚ್ಚಿನ ವೇಗದ ವಿವರ ಇದರಲ್ಲಿರುತ್ತದೆ. ಇದನ್ನು ತಿಳಿಯದೆ ಎಷ್ಟೋ ಮನೆಗಳಲ್ಲಿ 3200 ಎಂದು ಬರೆದ ಡಿಡಿಆರ್4 ರ‍್ಯಾಮ್ 2133 ಅಥವಾ 2400ರಲ್ಲೇ ಓಡುತ್ತಿರುತ್ತದೆ.

ಕಾಯುವ ಸಮಯದ ಲೆಕ್ಕವೂ ಸ್ವಾರಸ್ಯಕರ. ಸಿಎಲ್ ಅಂಕೆಯನ್ನು 2000ದಿಂದ ಗುಣಿಸಿ, ರ‍್ಯಾಮಿನ ವೇಗದಿಂದ ಭಾಗಿಸಿದರೆ ನ್ಯಾನೋ ಸೆಕೆಂಡ್ ಸಿಗುತ್ತದೆ. ಹಳೆಯ ಡಿಡಿಆರ್ 400, ಸಿಎಲ್ 2: ಉತ್ತರ 10. ಡಿಡಿಆರ್4 3200, ಸಿಎಲ್ 16: ಉತ್ತರ 10. ಡಿಡಿಆರ್5 6000, ಸಿಎಲ್ 30: ಮತ್ತೂ 10! ಮೆಮೊರಿ ತಲೆಮಾರುಗಳು ಬದಲಾದರೂ ಮೊದಲ ಅಕ್ಷರ ಬರಲು ಕಾಯುವ ಹೊತ್ತು ಹೆಚ್ಚು ಕಡಿಮೆ ಅಷ್ಟೇ ಉಳಿದಿದೆ. ಹೆಚ್ಚಿದ್ದು ಒಮ್ಮೆ ಶುರುವಾದ ಮೇಲೆ ಹರಿಯುವ ಪ್ರಮಾಣ. ದೊಡ್ಡ ಅಂಕೆ ನೋಡಿ ಮರುಳಾಗುವ ಮೊದಲು ಭಾಗಾಕಾರ ಮಾಡಿ ಎಂದು ನಾವು ಹೇಳುವುದು ಇದಕ್ಕೇ.

ಹಾಗಾದರೆ ವೇಗವನ್ನು ಏರಿಸುತ್ತಲೇ ಹೋಗಬಾರದೇಕೆ? ಬಿಸಿ! ಚಿಪ್ಪು ತಿನ್ನುವ ವಿದ್ಯುತ್ತು ವೇಗಕ್ಕೆ ಅನುಪಾತದಲ್ಲಿದೆ, ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿದೆ. ಎರಡನ್ನೂ ಶೇಕಡಾ 10 ಏರಿಸಿದರೆ 1.1ರ ಘನ, ಅಂದರೆ ಸುಮಾರು 1.33. ಹತ್ತು ಪಾಲು ವೇಗಕ್ಕೆ ಮೂವತ್ತಮೂರು ಪಾಲು ಬಿಸಿ. ಇಂಟೆಲಿಗೂ ಈ ಗೋಡೆ ಅಡ್ಡ ಬಂತು. 2004ರಲ್ಲಿ ಪೆಂಟಿಯಂ 4 ಅನ್ನು 3.8 ಗಿಗಾಹರ್ಟ್ಸಿಗೆ ತಲುಪಿಸಿ, 4ರ ಯೋಜನೆಯನ್ನು ಕೈಬಿಟ್ಟಿತು. 2022ರಲ್ಲಿ 9 ಗಿಗಾಹರ್ಟ್ಸ್ ದಾಟಿದವರಿದ್ದಾರೆ, ಆದರೆ ಅವರು ಚಿಪ್ಪಿಗೆ ಸುರಿದದ್ದು ದ್ರವ ಹೀಲಿಯಂ. ನಮ್ಮ ಕರಾವಳಿಯ ಮೇ ತಿಂಗಳ ಸೆಕೆಯಲ್ಲಿ ಧೂಳು ತುಂಬಿದ ಫ್ಯಾನಿಗೆ ಆ ಸಾಹಸ ಬೇಡ.

ಆಮೇಲೆ ಕತೆ ತಿರುವು ಪಡೆಯಿತು. 2008ರಲ್ಲಿ ಟರ್ಬೋ ಬೂಸ್ಟ್ ಎಂಬ ಹೆಸರಿನಲ್ಲಿ ಪ್ರೊಸೆಸರೇ ತನ್ನ ವೇಗವನ್ನು ಏರಿಸಿ ಇಳಿಸುವುದನ್ನು ಕಲಿಯಿತು. 2010ರಿಂದ ಇಂಟೆಲಿನಲ್ಲಿ ಗುಣಕದ ಬೀಗ ತೆರೆದ ಚಿಪ್ಪಿಗೆ 'ಕೆ' ಅಕ್ಷರ ಸೇರಿಸಿ ಹೆಚ್ಚು ಬೆಲೆ ಹಾಕಿದರು. ಒಂದು ಕಾಲದಲ್ಲಿ ಬಡವನ ಉಪಾಯವಾಗಿದ್ದದ್ದು ಹಣವಂತರ ಸಾಮಾನಾಯಿತು. ಉಳಿದ ಅಂಚನ್ನೆಲ್ಲ ಕಾರ್ಖಾನೆಯೇ ಹಿಂಡಿಕೊಂಡಿತು. ಅತಿಯಾದರೆ ಅಮೃತವೂ ವಿಷ ಎಂಬಂತೆ, 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಚಿಪ್ಪುಗಳು ಅಸ್ಥಿರವಾಗತೊಡಗಿದವು. ಚಿಪ್ಪು ಬೇಕಾದದ್ದಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುತ್ತಿತ್ತು ಎಂದು ಇಂಟೆಲ್ 2024ರಲ್ಲಿ ಒಪ್ಪಿಕೊಂಡಿತು, ತಿದ್ದುಪಡಿ ಹೊರಡಿಸಿತು, ವಾರಂಟಿಯನ್ನು 2 ವರ್ಷ ಹೆಚ್ಚಿಸಿತು. ಅಂಥ ಚಿಪ್ಪು ಮನೆಯಲ್ಲಿದ್ದರೆ ಬಯಾಸ್ ಅಪ್‌ಡೇಟ್ ಮಾಡಿಸುವುದನ್ನು ಮರೆಯಬೇಡಿ.

ಈಗ ಮಕ್ಕಳ ಪ್ರಶ್ನೆಗೆ ಉತ್ತರ. ಮೊದಲು ಧೂಳು ತೆಗೆಯಿರಿ. ಕೊಂಡ ರ‍್ಯಾಮ್ ಬರೆದ ವೇಗದಲ್ಲಿ ಓಡುತ್ತಿದೆಯೇ ನೋಡಿ. ಇಲ್ಲದಿದ್ದರೆ ಎಕ್ಸ್‌ಎಂಪಿ ಹಾಕಿ, ಒಂದು ರಾತ್ರಿ ಮೆಮ್‌ಟೆಸ್ಟ್ ಓಡಿಸಿ. ಒಂದೇ ಒಂದು ತಪ್ಪು ಕಂಡರೂ ಹಿಂದಿನ ವೇಗಕ್ಕೆ ಮರಳಿ. ತಪ್ಪುವ ಮೆಮೊರಿ ಎಲ್ಲ ಸಲವೂ ಕಂಪ್ಯೂಟರನ್ನು ನಿಲ್ಲಿಸುವುದಿಲ್ಲ. ಸದ್ದಿಲ್ಲದೆ ಒಂದು ಅಕ್ಷರವನ್ನು ಬದಲಿಸಿ ಡಿಸ್ಕಿಗೆ ಬರೆದುಬಿಡಬಹುದು. ಅಜ್ಜನ ಹಳೆಯ ಫೋಟೋ, ಅಕ್ಕನ ಪ್ರಾಜೆಕ್ಟ್ ವರದಿ, ಅಪ್ಪನ ಸೊಸೈಟಿ ಲೆಕ್ಕ ಎಲ್ಲವೂ ಅಲ್ಲೇ ಇರುತ್ತವೆ. ಎರಡು ನಿಮಿಷದ ಉಳಿತಾಯಕ್ಕೆ ಅವನ್ನು ಪಣಕ್ಕಿಡುವುದೇ? ವೋಲ್ಟೇಜನ್ನಂತೂ ಏರಿಸಲೇಬೇಡಿ.

ಗೆರೆ ಯಾರು ಎಳೆದರು, ಏಕೆ ಎಳೆದರು ಎಂದು ಕೇಳುವ ಹಕ್ಕು ಎಲ್ಲರಿಗೂ ಇದೆ. ಕೆಲವು ಗೆರೆಗಳು ವ್ಯಾಪಾರದವು, ಕೆಲವು ಪ್ರಕೃತಿಯವು. ಯಾವುದು ಯಾವುದೆಂದು ಗುರುತಿಸಲು ಬೇಕಾದದ್ದು ಗುಣಾಕಾರ, ಭಾಗಾಕಾರ ಮತ್ತು ಸ್ವಲ್ಪ ಭೌತಶಾಸ್ತ್ರ. ಅಷ್ಟನ್ನು ನಮ್ಮ ಕನ್ನಡ ಮಾಧ್ಯಮದ ತರಗತಿಗಳಲ್ಲೇ ಕಲಿಯಬಹುದು.